ಬ್ಲ್ಯಾಕ್ ಮೌಂಟನ್ ಕಾಲೇಜು ಹುಡುಗರನ್ನು ಹೇಗೆ ಕರೆಯಿತು?

ಹಳೇ ಪ್ರಾಸ್ಪೆಕ್ಟಸ್

ಪಿಯುಸಿ ಫಲಿತಾಂಶದ ವಾರ. ಪೇಪರ್ ಬಿಡಿಸಿದರೆ ಮುಖಪುಟವೇ ಕಾಲೇಜಿನ ಜಾಹೀರಾತು, ಸುದ್ದಿ ಶುರುವಾಗೋದು ಮೂರನೇ ಪುಟದಿಂದ. ಅದರಲ್ಲೂ ಘಟ್ಟದ ಮೇಲಿನ ಕಾಲೇಜುಗಳದ್ದು ಒಂದೇ ರಾಗ: ಮಂಜು, ಹಸಿರು, ‘ಪ್ರಕೃತಿಯ ಮಡಿಲಲ್ಲಿ ವಿದ್ಯೆ’. ಹಳೆಯ ಕಾಲೇಜುಗಳ ಕರಪತ್ರ ಹುಡುಕಿ ಓದೋದು ನನ್ನ ಚಟ. ಈ ಸಲ ಹಿಡಿದು ಕೂತಿದ್ದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದ ಬ್ಲ್ಯಾಕ್ ಮೌಂಟನ್ ಕಾಲೇಜು. ಬೆಟ್ಟದ ಮೇಲಿದ್ದ ಆ ಪುಟ್ಟ ಕಾಲೇಜಿನವರು ವಿದ್ಯಾರ್ಥಿಗಳನ್ನು ಕರೆದ ರೀತಿ ವಿಚಿತ್ರವಾಗಿದೆ. ಅದರ ಬಗ್ಗೆ ಇಲ್ಲಿ ಮಾತಾಡೋಣ ಅನ್ನಿಸಿತು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ. 1933ರಲ್ಲಿ ಫ್ಲಾರಿಡಾದ ರೋಲಿನ್ಸ್ ಕಾಲೇಜಿನ ಅಧ್ಯಕ್ಷ ಹ್ಯಾಮಿಲ್ಟನ್ ಹೋಲ್ಟ್, ಜಾನ್ ಆಂಡ್ರ್ಯೂ ರೈಸ್ ಎಂಬ ಬಾಯಿ ಜೋರಿನ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದರು. ರೈಸ್ ಪರ ನಿಂತ ಕೆಲವರೂ ಹೊರಬಿದ್ದರು. ಅದೇ ಸೆಪ್ಟೆಂಬರಿನಲ್ಲಿ ಆಷ್‌ವಿಲ್ ಹತ್ತಿರದ ಬ್ಲ್ಯಾಕ್ ಮೌಂಟನ್ ಎಂಬ ಊರಿನ ಪಕ್ಕ, ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದವರು ಬೇಸಿಗೆ ಶಿಬಿರಕ್ಕೆ ಇಟ್ಟುಕೊಂಡಿದ್ದ ಕಟ್ಟಡಗಳನ್ನು ಬಾಡಿಗೆಗೆ ಹಿಡಿದು ತಮ್ಮದೇ ಕಾಲೇಜು ತೆರೆದರು. ದೇಶವೇ ಆರ್ಥಿಕ ಕುಸಿತದಲ್ಲಿ ಕೂತಿದ್ದ ಕಾಲ. ಪ್ರತಿ ಬೇಸಿಗೆಗೆ ವೈಎಂಸಿಎ ಬಂದಾಗ ಮಂಚ, ಪುಸ್ತಕ, ಪಾತ್ರೆ ಎಲ್ಲ ಅಟ್ಟಕ್ಕೆ ಸಾಗಿಸಿ ಜಾಗ ಖಾಲಿ ಮಾಡಬೇಕು. ಮೊದಲ ವರ್ಷದ ವಿದ್ಯಾರ್ಥಿಗಳು ಇಪ್ಪತ್ತರ ಆಸುಪಾಸು. ಅದರಲ್ಲಿ ಬಹುಪಾಲು ರೋಲಿನ್ಸಿನಿಂದಲೇ ಮೇಷ್ಟ್ರುಗಳ ಬೆನ್ನು ಹತ್ತಿ ಬಂದವರು. ಅಂದರೆ ಮೊದಲ ಬ್ಯಾಚಿಗೆ ಜಾಹೀರಾತಿನ ಖರ್ಚೇ ಬರಲಿಲ್ಲ.

ಅಲ್ಲಿ ಕಡ್ಡಾಯ ವಿಷಯ ಅಂತ ಇರಲಿಲ್ಲ. ಅಂಕ ಹಾಕಿದರೂ ವಿದ್ಯಾರ್ಥಿಗೆ ತೋರಿಸುತ್ತಿರಲಿಲ್ಲ. ಆಡಳಿತ ಮಂಡಳಿಯಲ್ಲಿ ಹೊರಗಿನ ಧಣಿಗಳಿಲ್ಲ. ಮೇಷ್ಟ್ರುಗಳೇ ಕಾಲೇಜಿನ ಒಡೆಯರು, ಅವರ ಸಭೆಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗೂ ಕುರ್ಚಿ. ಸೌದೆ ಸೀಳೋದು, ತಟ್ಟೆ ತೊಳೆಯೋದು, ಹೊಲದ ಕೆಲಸ, ಎಲ್ಲದಕ್ಕೂ ಎಲ್ಲರೂ. ಸರ್ಕಾರಿ ಭಾಷೆಯ ‘ಮಾನ್ಯತೆ’ ಮಾತ್ರ ಕೊನೆತನಕ ಸಿಗಲೇ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಲಾಂಛನ. ಹಿಟ್ಲರ್ ಬಂದ ಮೇಲೆ ಜರ್ಮನಿಯ ಬೌಹೌಸ್ ಎಂಬ ಕಲೆ-ವಿನ್ಯಾಸದ ಶಾಲೆ ಮುಚ್ಚಿತಲ್ಲ, ಅಲ್ಲಿಂದ ಬಂದ ಚಿತ್ರಕಲಾ ಗುರು ಯೋಸೆಫ್ ಆಲ್ಬರ್ಸ್ ಬರೆದುಕೊಟ್ಟದ್ದು. ಬರೀ ಒಂದು ಬಳೆ, ಸುತ್ತ ಕಾಲೇಜಿನ ಹೆಸರು. ಅದನ್ನು ಪರಿಚಯಿಸುವ ಚೀಟಿಯಲ್ಲಿ ಆಲ್ಬರ್ಸ್ ಕೊಟ್ಟ ವಿವರಣೆಯ ಸಾರ ಇಷ್ಟು: ನಾವು ಬೆಂಕಿಹಕ್ಕಿಯ ಬೇಟೆಗೂ ಹೋಗಿಲ್ಲ, ಒಂಟಿಕೊಂಬಿನ ಕುದುರೆಯ ಬೇಟೆಗೂ ಹೋಗಿಲ್ಲ. ಶಿರಸ್ತ್ರಾಣ, ಗರಿ ಅಗೆದು ತೆಗೆದಿಲ್ಲ. ಪಾಂಡಿತ್ಯದ ಸೂಕ್ತಿ ಅಂಟಿಸಿಲ್ಲ, ‘ಜ್ಞಾನ’ ‘ಸದ್ಗುಣ’ ಅಂತೆಲ್ಲ ಬರೆದುಕೊಳ್ಳೋಕೆ ನಮಗಿನ್ನೂ ವಯಸ್ಸಾಗಿಲ್ಲ. ಒಟ್ಟಿಗೆ ಬರೋದು, ಒಟ್ಟಿಗೆ ನಿಲ್ಲೋದು, ಒಟ್ಟಿಗೆ ದುಡಿಯೋದು, ಅದಕ್ಕೊಂದು ಉಂಗುರ ಸಾಕು.

ಮೈಸೂರು ವಿಶ್ವವಿದ್ಯಾಲಯದ ಗಂಡಭೇರುಂಡ ಮತ್ತು ‘ನ ಹಿ ಜ್ಞಾನೇನ ಸದೃಶಂ’ ನೋಡಿಕೊಂಡು ಬೆಳೆದ ನನಗೆ ಇದನ್ನು ಓದಿ ಒಳಗೊಳಗೇ ನಗು ಬಂತು. ಗಂಡಭೇರುಂಡ ನನಗೆ ಪ್ರೀತಿಯೇ, ಅದನ್ನು ಬಿಟ್ಟುಕೊಡಲಾರೆ. ಆದರೆ ನಿನ್ನೆ ಮೊನ್ನೆ ಶುರುವಾದ ಕಾಲೇಜೂ ದೀಪ, ತೆರೆದ ಪುಸ್ತಕ, ಉದಯಿಸುವ ಸೂರ್ಯ, ಅರ್ಧ ತಪ್ಪಿದ ಸಂಸ್ಕೃತ ಎಲ್ಲವನ್ನೂ ಒಂದೇ ವೃತ್ತದಲ್ಲಿ ತುರುಕುವಾಗ ಆಲ್ಬರ್ಸ್ ನೆನಪಾಗುತ್ತಾರೆ.

ನನ್ನ ವಾದ ಇಷ್ಟೇ: ಈ ಕಾಲೇಜಿನ ಸ್ವಂತ ಮುದ್ರಿತ ಪತ್ರಗಳು ಹುಡುಗರನ್ನು ಸೆಳೆಯೋದಕ್ಕಿಂತ ಹೆಚ್ಚಾಗಿ ಜರಡಿ ಹಿಡಿದವು. ಸೆಳೆದಿದ್ದು ಬೇರೆಯವರ ಬಾಯಿ. ಒಪ್ಪುತ್ತೀರಾ?

ಪುತ್ತೂರು ಪಾರ್ಟಿ

ಲಾಯ್ಕ ಉಂಟು ಮಾರಾಯ್ರೆ ಕತೆ. ಆದರೆ ಒಂದು ಅಪ್ಪನಾಗಿ ಕೇಳ್ತೇನೆ. ಮಾನ್ಯತೆ ಇಲ್ಲ, ಅಂಕ ಕಾಣ್ಲಿಕ್ಕೆ ಇಲ್ಲ, ಮಗ ಹೋಗಿ ತಟ್ಟೆ ತೊಳೀಬೇಕು. ಇದಕ್ಕೆ ಫೀ ಬೇರೆ ಕೊಡಬೇಕು. ಯಾವ ಅಪ್ಪ ಕಳಿಸ್ತಾನೆ?

ಹಳೇ ಪ್ರಾಸ್ಪೆಕ್ಟಸ್

ಹೆಚ್ಚು ಅಪ್ಪಂದಿರು ಕಳಿಸಲಿಲ್ಲ, ಅದೇ ಉತ್ತರ. 24 ವರ್ಷದಲ್ಲಿ ಅಲ್ಲಿ ಓದಿದವರು ಒಟ್ಟು ಸುಮಾರು 1,200 ಜನ, ಅದೂ ಬೇಸಿಗೆ ಶಿಬಿರದವರನ್ನೂ ಸೇರಿಸಿ. ತುಂಬಿ ತುಳುಕಿದ ವರ್ಷದಲ್ಲೂ ನೂರರ ಗಡಿ ದಾಟಲಿಲ್ಲ. ವಿಧಿವತ್ತಾಗಿ ಪದವಿ ಮುಗಿಸಿದವರು ಅರವತ್ತರೊಳಗೆ. ಪದವಿ ಬೇಕೆಂದವರಿಗೆ ಹೊರಗಿನ ಪರೀಕ್ಷಕರನ್ನು ಕರೆಸಿ ಪರೀಕ್ಷೆ ಮಾಡುತ್ತಿದ್ದರು. ಮಾನ್ಯತೆ ಇಲ್ಲದಿದ್ದರೂ ಕೆಲವರಿಗೆ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮುಂದಿನ ಓದಿಗೆ ಸೀಟು ಸಿಕ್ಕಿದೆ. ಫೀ ಪೂರ್ತಿ ಕೊಡಲಾಗದವರಿಗೆ ಇಳಿಸುತ್ತಿದ್ದರು. ಮೇಷ್ಟ್ರುಗಳಿಗೆ ಊಟ, ವಸತಿ ಮತ್ತು ಕೈಖರ್ಚಿಗಿಷ್ಟು, ಶುರುವಿನಲ್ಲಿ ಅಷ್ಟೇ ಸಂಬಳ.

ಹುಬ್ಬಳ್ಳಿ ಮಂದಿ

ಜರಡಿ ಅಂತೀರಲ್ರೀ, ಹಂಗಂದ್ರ ಭಾಳ ಚಂದ ಕೇಳಸ್ತದ. ಮಂದಿ ಬರಲಿಲ್ಲ ಅಂದಮ್ಯಾಲ ‘ನಾವು ಆರಿಸಿ ತಗೊಂಡ್ವಿ’ ಅನ್ನೂದು ಎಲ್ಲಾರೂ ಹೇಳೂ ಮಾತು. ನಮ್ಮ ಓಣ್ಯಾಗ ಟ್ಯೂಷನ್ ಹೇಳೂ ಸರ್ ಸೈತ ಹಂಗ ಹೇಳ್ತಾರ.

ಇನ್ನೊಂದ್ ಮಾತ್ರೀ. ದೊಡ್ಡವರ ಹೆಸರು ಇವರೂ ಬಳಸ್ಯಾರ. ಸಲಹಾ ಮಂಡಳಿ ಅಂತ ಶಿಕ್ಷಣ ಚಿಂತಕ ಜಾನ್ ಡ್ಯೂಯಿ, ಐನ್‌ಸ್ಟೈನ್, ಬೌಹೌಸ್ ಕಟ್ಟಿದ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಹೆಸರು ಇದ್ದುವಲ್ಲ? ಐನ್‌ಸ್ಟೈನ್ ಏನ್ ಅಲ್ಲಿ ವಾರಕ್ಕೊಮ್ಮೆ ಬಂದು ಪಾಠ ಹೇಳ್ತಿದ್ರೇನು? ನಮ್ಮ ಕಡೆ ಕಾಲೇಜಿನ ಫ್ಲೆಕ್ಸಿನ್ಯಾಗ ನಿವೃತ್ತ ನ್ಯಾಯಮೂರ್ತಿ ಫೋಟೋ ಹಾಕೂದಕ್ಕೂ ಇದಕ್ಕೂ ಏನ್ ಫರಕು?

ಹಳೇ ಪ್ರಾಸ್ಪೆಕ್ಟಸ್

ಫರಕು ಸ್ವಲ್ಪ ಇದೆ, ಪೂರ್ತಿ ಇಲ್ಲ. ಡ್ಯೂಯಿ ನಿಜಕ್ಕೂ ಬಂದು ಉಳಿದು ನೋಡಿ ಹೋಗಿದ್ದರು. ಗ್ರೋಪಿಯಸ್ ಮತ್ತು ಮಾರ್ಸೆಲ್ ಬ್ರಾಯರ್ ಹೊಸ ಕ್ಯಾಂಪಸ್ಸಿಗೆ ನಕ್ಷೆಯನ್ನೇ ಬರೆದುಕೊಟ್ಟಿದ್ದರು. ಅಷ್ಟು ದುಡ್ಡು ಹುಟ್ಟಲಿಲ್ಲ, ಕೈಬಿಟ್ಟರು. ಆಮೇಲೆ ಲಾರೆನ್ಸ್ ಕೋಚರ್ ಎಂಬ ವಾಸ್ತುಶಿಲ್ಪಿ ಅಗ್ಗದ ನಕ್ಷೆ ಮಾಡಿದರು. ಹುಡುಗರು, ಮೇಷ್ಟ್ರುಗಳು ಸೇರಿ ಕೈಯಾರೆ ಕಟ್ಟಿಕೊಂಡು 1941ರಲ್ಲಿ ಈಡನ್ ಕೆರೆಯ ದಂಡೆಗೆ ಹೋದರು. ಐನ್‌ಸ್ಟೈನ್ ವಿಷಯದಲ್ಲಿ ನಿಮ್ಮ ಏಟು ಸರಿಯಾಗೇ ಬಿದ್ದಿದೆ, ಅದು ಹೆಸರಿನ ಬಲವೇ.

ಗುಡ್ಡೆಮನೆ ಅಕ್ಕ

ನಾನು ಈ ಪಾಪದಲ್ಲಿ ಪಾಲುದಾರಳು, ಹಾಗಾಗಿ ಬರೀತಿದ್ದೀನಿ. ಮಲೆನಾಡಿನ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡ್ತೀನಿ. ಅಡ್ಮಿಷನ್ ಕಾಲದಲ್ಲಿ ಪ್ರಾಸ್ಪೆಕ್ಟಸ್ ಬರೆಯೋ ಕೆಲಸವೂ ನನ್ನ ತಲೆಗೇ. ಕಳೆದ ವರ್ಷ ಬೆಂಗಳೂರಿನಿಂದ ಒಂದು ತಂಡ ಬಂದು ಡ್ರೋನ್ ಹಾರಿಸಿತು. ಮಂಜು ಬರಲಿ ಅಂತ ಕಾದರು, ಮಂಜು ಬಂತು, ಕಾಲೇಜೇ ಕಾಣಲಿಲ್ಲ. ಅದನ್ನೇ ವಿಡಿಯೋದ ಶುರುವಿಗೆ ಹಾಕಿದರು. ಪ್ರಯೋಗಾಲಯ, ಲೈಬ್ರರಿ ಎಲ್ಲ ಸೇರಿ ಕೊನೆಯಲ್ಲಿ ಕಣ್ಣು ಮಿಟುಕಿಸೋವಷ್ಟು ಹೊತ್ತು.

ಬಯಲುಸೀಮೆಯಿಂದ ಆ ವಿಡಿಯೋ ನೋಡಿ ಸೇರಿದ ಮಕ್ಕಳಲ್ಲಿ ಕೆಲವರು ಆಗಸ್ಟ್ ಮುಗಿಯೋದರೊಳಗೆ ಟಿಸಿ ಕೇಳಿದರು. ತಪ್ಪು ಅವರದ್ದಲ್ಲ. ಉಂಬಳ, ದಿನಗಟ್ಟಲೆ ಕರೆಂಟಿಲ್ಲದ್ದು, ಗುಡ್ಡ ಕುಸಿದು ಬಸ್ ನಿಂತದ್ದು, ಒಳಉಡುಪು ಸಹ ಒಣಗದ್ದು, ಇದ್ಯಾವುದನ್ನೂ ನಾವು ಹೇಳಿರಲಿಲ್ಲ.

ಅದಕ್ಕೇ ಕೇಳ್ತೀನಿ. ಬ್ಲ್ಯಾಕ್ ಮೌಂಟನ್‌ನವರು ಬೆಟ್ಟವನ್ನು ಹೇಗೆ ಬಳಸಿಕೊಂಡರು? ಹೆಸರಲ್ಲೇ ಬೆಟ್ಟ ಇದೆಯಲ್ಲ.

ಹಳೇ ಪ್ರಾಸ್ಪೆಕ್ಟಸ್

ಅಕ್ಕ, ಹೆಸರು ಪಕ್ಕದ ಊರಿಂದ ಬಂದದ್ದು. ಬೆಟ್ಟವನ್ನು ತಲೆಬರಹಕ್ಕೆ ಏರಿಸಿದ್ದು ಹೊರಗಿನವನು. ಲೂಯಿಸ್ ಆಡಮಿಕ್ ಅಂತ, ಸ್ಲೊವೇನಿಯಾದಿಂದ ಅಮೆರಿಕಕ್ಕೆ ಬಂದು ನೆಲೆಸಿದ ಲೇಖಕ. ಚೂರು ನೋಡಿಕೊಂಡು ಹೋಗೋಣ ಅಂತ ಬಂದವನು ಎರಡು ತಿಂಗಳಿಗೂ ಹೆಚ್ಚು ಅಲ್ಲೇ ಉಳಿದ. 1936ರ ಏಪ್ರಿಲ್‌ನಲ್ಲಿ ‘ಹಾರ್ಪರ್ಸ್’ ಮಾಸಪತ್ರಿಕೆಯಲ್ಲಿ ‘ಬೆಟ್ಟದ ಮೇಲೊಂದು ಶಿಕ್ಷಣ’ ಅನ್ನೋ ಅರ್ಥದ ಶೀರ್ಷಿಕೆಯಲ್ಲಿ ಉದ್ದದ ಲೇಖನ ಬರೆದ. ‘ರೀಡರ್ಸ್ ಡೈಜೆಸ್ಟ್’ ಅದನ್ನು ಕುಗ್ಗಿಸಿ ಹಾಕಿತು. ಆಮೇಲೆ ನೋಡಿ, ವಿಚಾರಣೆಯ ಪತ್ರಗಳ ರಾಶಿ. ಅಷ್ಟು ದಿನ ಕಾಲೇಜು ತಾನೇ ಅಚ್ಚು ಹಾಕಿಸಿ ಹಂಚಿದ ಪತ್ರಗಳಿಗೆ ಅಷ್ಟು ಓದುಗರು ಎಲ್ಲಿಂದ ಬರಬೇಕು?

ಲೇಖನವೂ ಬರೀ ಹೊಗಳಿಕೆಯಲ್ಲ. ಅಲ್ಲಿ ಮನುಷ್ಯ ಮನುಷ್ಯನ ಜೊತೆ ಬಚ್ಚಿಟ್ಟುಕೊಳ್ಳೋಕೆ ಜಾಗವಿಲ್ಲದೆ ಬದುಕಬೇಕು; ಊಟದ ಮನೆಯಲ್ಲಿ, ತರಗತಿಯಲ್ಲಿ, ಕೆಲಸದಲ್ಲಿ ಅದೇ ಮುಖಗಳು; ನಿನ್ನ ಸೋಗು ಕಳಚಿ ಬೀಳುತ್ತೆ, ಅದು ನೋವಿನ ಸಂಗತಿ, ಆ ನೋವಿನಿಂದಲೇ ನೀನು ಬೇರೆಯವನಾಗ್ತೀಯ, ಹೀಗೆ ಸಾಗುತ್ತೆ ಅವನ ಮಾತು. ಓದಿದ ಇಪ್ಪತ್ತರ ಹುಡುಗ ಹುಡುಗಿಯರಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕಾ?

ಎಲ್ಲರೂ ಮರುಳಾಗಲಿಲ್ಲ. ಅದೇ ‘ಹಾರ್ಪರ್ಸ್’ನ ಅಂಕಣಕಾರ ಬರ್ನಾರ್ಡ್ ಡಿವೋಟೊ ಇದನ್ನು ಹತ್ತೊಂಬತ್ತನೇ ಶತಮಾನದ ಆದರ್ಶ ಆಶ್ರಮಗಳ ಸಾಲಿಗೆ ಸೇರಿಸಿ ಚೆನ್ನಾಗಿ ಲೇವಡಿ ಮಾಡಿದ. ಜಗಳ ಆಯಿತು ಅಂದರೆ ಹೆಸರು ಇನ್ನಷ್ಟು ಊರಿಗೆ ಮುಟ್ಟಿತು ಅಂತಲೇ.

ಪುತ್ತೂರು ಪಾರ್ಟಿ

ಅಂದ್ರೆ ಇವತ್ತಿನ ಭಾಷೆಯಲ್ಲಿ ‘ವೈರಲ್’. ಕಾಸು ಕೊಟ್ಟು ಬರೆಸಿದ್ದಲ್ಲ ತಾನೆ? ಇಲ್ಲಿ ಸಪ್ಲಿಮೆಂಟಿನಲ್ಲಿ ಬರುವ ‘ವಿಶೇಷ ಲೇಖನ’ ಯಾರು ಬರೆಸುವುದು ಅಂತ ನಮಗೆ ಗೊತ್ತುಂಟು.

ಹಳೇ ಪ್ರಾಸ್ಪೆಕ್ಟಸ್

ಕಾಸು ಎಲ್ಲಿತ್ತು ಅವರ ಹತ್ತಿರ!

ಶಾರ್ಲಟ್‌ನಿಂದ

ನಾನಿರೋದು ಅದೇ ರಾಜ್ಯದಲ್ಲಿ. ಶಾರ್ಲಟ್‌ನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ಸೋಮಾರಿ ಶನಿವಾರಗಳಲ್ಲಿ ಆ ಕಡೆ ಹೋಗ್ತಿರ್ತೀವಿ. ಹತ್ತಿರದಲ್ಲೇ ಮೌಂಟ್ ಮಿಚೆಲ್ ಶಿಖರ ಇದೆ, 2,037 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ನೂರು ಮೀಟರಿನಷ್ಟು ಜಾಸ್ತಿ, ಆದರೆ ಕಾರು ನಿಲ್ಲಿಸಿ ಸ್ವಲ್ಪ ನಡೆದರೆ ತುದಿ.

ಈಡನ್ ಕೆರೆಯ ಜಾಗ ಈಗ ಗಂಡುಮಕ್ಕಳ ಬೇಸಿಗೆ ಶಿಬಿರದವರ ಕೈಯಲ್ಲಿದೆ, ಕ್ಯಾಂಪ್ ರಾಕ್‌ಮಾಂಟ್ ಅಂತ. ಸಂಗೀತ ಉತ್ಸವ ನಡೆದಾಗ ಒಳಗೆ ಹೋಗಿದ್ದೆ. ವಿದ್ಯಾರ್ಥಿಗಳೇ ಕಟ್ಟಿದ ಆ ಉದ್ದನೆಯ ಕಟ್ಟಡ ಇನ್ನೂ ನಿಂತಿದೆ. ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ, ಒಂದು ತುದಿ ನೀರಿನ ಕಡೆ ಚಾಚಿದೆ. ಕೆಳಗೆ ಕಂಬದ ಗೋಡೆಗಳ ಮೇಲೆ ಎರಡು ಭಿತ್ತಿಚಿತ್ರ: 1944ರಲ್ಲಿ ಜ್ಯಾಂ ಷಾರ್ಲೋ ಎಂಬ ಕಲಾವಿದ ಹಸಿ ಗಾರೆಯ ಮೇಲೆ ಬರೆದದ್ದು. ಶಿಬಿರದ ಮಕ್ಕಳು ಅದರ ಪಕ್ಕದಲ್ಲೇ ಓಡಾಡಿಕೊಂಡಿರ್ತಾರೆ. 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತಕ್ಕೆ ಆ ಸ್ವಾನನೋವಾ ಕಣಿವೆ ಎಷ್ಟು ನಲುಗಿತು ಅಂದರೆ, ನಮ್ಮ ಕೊಡಗಿನ 2018 ನೆನಪಾಯಿತು. ಬೆಟ್ಟ ಅಂದರೆ ಬರೀ ಪೋಸ್ಟ್‌ಕಾರ್ಡ್ ಅಲ್ಲ ಅಂತ ಗುಡ್ಡೆಮನೆ ಅಕ್ಕ ಹೇಳಿದ್ದು ಇಲ್ಲಿಗೂ ಸರಿ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಈ ರಾಜ್ಯದಲ್ಲಿ ಆಗ ವರ್ಣಭೇದದ ಕಾನೂನು ಜಾರಿಯಲ್ಲಿತ್ತು. ಹಾಗಿದ್ದೂ 1944ರ ಬೇಸಿಗೆ ಸಂಗೀತ ಶಿಬಿರಕ್ಕೆ ಆಲ್ಮಾ ಸ್ಟೋನ್ ಎಂಬ ಕಪ್ಪು ವಿದ್ಯಾರ್ಥಿನಿಯನ್ನು ಸೇರಿಸಿಕೊಂಡರು. 1946ರಲ್ಲಿ ಚಿತ್ರಕಾರ ಜೇಕಬ್ ಲಾರೆನ್ಸ್ ದಂಪತಿ ಪಾಠ ಹೇಳೋಕೆ ಬಂದಾಗ, ರೈಲಿನಲ್ಲಿ ಅವರನ್ನು ಕಪ್ಪು ಜನರ ಡಬ್ಬಿಗೆ ದಬ್ಬಬಾರದು ಅಂತ ಆಲ್ಬರ್ಸ್ ಪ್ರತ್ಯೇಕ ಬೋಗಿಯನ್ನೇ ಗೊತ್ತು ಮಾಡಿಸಿದ್ದರು. ಸುತ್ತಲಿನ ಊರವರಿಗೆ ಕಾಲೇಜಿನ ಮೇಲೆ ಮೊದಲೇ ಗುಮಾನಿ. ಇದನ್ನೆಲ್ಲ ಡಂಗುರ ಸಾರಿದ್ದರೆ ಕಟ್ಟಡಕ್ಕೆ ಬೆಂಕಿ ಬೀಳುವ ಕಾಲ. ಅಂದರೆ ಆ ಕಾಲೇಜಿನ ಅತ್ಯುತ್ತಮ ಕೆಲಸ ಪ್ರಚಾರಕ್ಕೆ ಬಳಸಿಕೊಳ್ಳೋ ಹಾಗೇ ಇರಲಿಲ್ಲ.

ಹುಬ್ಬಳ್ಳಿ ಮಂದಿ

ಇದು ಗೊತ್ತಿರಲಿಲ್ಲ ನೋಡ್ರಿ. ಈ ಮಾತಿಗೆ ನಾನೂ ತಲಿ ಬಾಗಸ್ತೀನಿ.

ಲೆಕ್ಕದ ಮೇಷ್ಟ್ರು

ಎಲ್ಲರೂ ಕಲೆ ಕಲೆ ಅಂತೀರಿ. ಆ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು ಯಾರು ಗೊತ್ತೇ? ಮ್ಯಾಕ್ಸ್ ಡೇನ್. ಜರ್ಮನಿಯ ಗಣಿತಜ್ಞ ಹಿಲ್ಬರ್ಟ್ 1900ರಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿಟ್ಟ ಪ್ರಸಿದ್ಧ ಸಮಸ್ಯೆಗಳಲ್ಲಿ ಮೂರನೆಯದನ್ನು ಅದೇ ವರ್ಷ ಬಿಡಿಸಿದವರು. ಯಹೂದಿ ಮೂಲದವರೆಂದು ಜರ್ಮನಿಯಲ್ಲಿ ಕೆಲಸ ಹೋಯಿತು, ನಾರ್ವೆಗೆ ಓಡಿದರು, ಅಲ್ಲಿಂದ ಸೈಬೀರಿಯಾ, ಜಪಾನ್ ದಾಟಿ ಅಮೆರಿಕಕ್ಕೆ. 1945ರಿಂದ ಕೊನೆಯತನಕ ಇಲ್ಲೇ. ಇಡೀ ಕಾಲೇಜಿಗೆ ಗಣಿತದವರು ಇವರೊಬ್ಬರೇ. ಕಲಾವಿದರಿಗೆಂದೇ ಜ್ಯಾಮಿತಿಯ ಪಾಠ ಮಾಡುತ್ತಿದ್ದರು. ಬೆಟ್ಟ ಸುತ್ತೋ ಹುಚ್ಚು, ನಡೆಯುತ್ತಾ ನಡೆಯುತ್ತಾ ಲೆಕ್ಕ. 1952ರಲ್ಲಿ ತೀರಿಕೊಂಡಾಗ ಆ ಕಾಡಿನಲ್ಲೇ ಮಣ್ಣು ಮಾಡಿದರು. ಮುಂದೆ ದೊಡ್ಡ ಕಲಾವಿದೆಯಾದ ಡೊರೊಥಿಯಾ ರಾಕ್‌ಬರ್ನ್ ಇವರ ಶಿಷ್ಯೆ.

ಪ್ರಶ್ನೆ ಏನೆಂದರೆ, ಇದನ್ನು ಯಾವ ಕರಪತ್ರದಲ್ಲಿ ಹೇಗೆ ಬರೆಯುತ್ತೀರಿ? ‘ಅನುಭವಿ ಬೋಧಕ ವರ್ಗ’ ಅಂತಲೇ? ನಮ್ಮ ಕಾಲೇಜಿನ ಕರಪತ್ರದಲ್ಲೂ ಅದೇ ಇದೆ. ನನ್ನನ್ನೂ ಸೇರಿಸಿ.

ರಂಗಶಾಲೆ

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ ರಾಬರ್ಟ್ ರಾಷೆನ್‌ಬರ್ಗ್ ಕತೆಯಲ್ಲಿದೆ. ಮುಂದೆ ದೊಡ್ಡ ಚಿತ್ರಕಾರನಾದವನು. ಯುದ್ಧ ಮುಗಿಸಿ ಬಂದ ಹುಡುಗ, ಸರ್ಕಾರ ಮಾಜಿ ಸೈನಿಕರಿಗೆ ಓದಿನ ಖರ್ಚು ಕೊಡ್ತಿತ್ತು, ಪ್ಯಾರಿಸ್‌ಗೆ ಚಿತ್ರಕಲೆ ಕಲಿಯೋಕೆ ಹೋದ. ಅಲ್ಲಿ ಮನಸ್ಸು ನಿಲ್ಲಲಿಲ್ಲ. ‘ಟೈಮ್’ ಪತ್ರಿಕೆಯಲ್ಲಿ ಆಲ್ಬರ್ಸ್ ಬಗ್ಗೆ ಓದಿದ, ಮಹಾ ಶಿಸ್ತಿನ ಗುರು ಅಂತ. ನನಗೆ ಬೇಕಾಗಿರೋದು ಅದೇ ಅಂತ 1948ರಲ್ಲಿ ಬ್ಲ್ಯಾಕ್ ಮೌಂಟನ್‌ಗೆ ಬಂದ. ಆಲ್ಬರ್ಸ್‌ಗೂ ಅವನಿಗೂ ಕೊನೆತನಕ ಸರಿಬರಲಿಲ್ಲ, ಅದು ಬೇರೆ ಮಾತು. ಮುಂದೆ ಶಿಲ್ಪಿಯಾದ ರೂತ್ ಅಸಾವಾ ಇನ್ನೊಬ್ಬಳು. ಜಪಾನೀ ಮೂಲದವಳು ಅಂತ ಯುದ್ಧಕಾಲದಲ್ಲಿ ಕುಟುಂಬ ಸಮೇತ ಬಂಧನ ಶಿಬಿರದಲ್ಲಿಟ್ಟಿದ್ದರು. ಆಮೇಲೆ ಶಿಕ್ಷಕಿಯಾಗೋಕೆ ಓದಿದರೆ, ಜಪಾನೀ ಅನ್ನೋ ಕಾರಣಕ್ಕೇ ಕೊನೆಯ ತರಬೇತಿಗೆ ಶಾಲೆ ಸಿಗಲಿಲ್ಲ. ಗೆಳತಿಯರು ‘ಇಲ್ಲಿಗೆ ಬಾ’ ಅಂದರು, 1946ರಲ್ಲಿ ಹೋದಳು. ಒಬ್ಬನನ್ನು ಕರೆದದ್ದು ಒಬ್ಬ ಕಟ್ಟುನಿಟ್ಟಿನ ಮೇಷ್ಟ್ರ ಸುದ್ದಿ, ಇನ್ನೊಬ್ಬಳನ್ನು ಕರೆದದ್ದು ಗೆಳತಿಯರ ಮಾತು.

ಬೇಸಿಗೆ ಶಿಬಿರಗಳು ನನ್ನ ಪ್ರಕಾರ ಅವರ ನಿಜವಾದ ಪ್ರಚಾರ ತಂತ್ರ. 1944ರಿಂದ ಶುರು. ಹೊರಗಿನ ಕಲಾವಿದರನ್ನು ಕೆಲವು ವಾರಕ್ಕೆ ಕರೆಸೋದು, ಸಂಬಳ ಅತ್ಯಲ್ಪ, ಆದರೆ ಬೆಟ್ಟ, ಕೆರೆ, ಊಟ, ಹುರುಪಿನ ಹುಡುಗರು. 1948ರ ಬೇಸಿಗೆಗೆ ಸಂಗೀತ ಸಂಯೋಜಕ ಜಾನ್ ಕೇಜ್, ನೃತ್ಯಗಾರ ಮರ್ಸ್ ಕನ್ನಿಂಗ್‌ಹ್ಯಾಮ್, ಚಿತ್ರಕಾರ ವಿಲ್ಲೆಮ್ ಡಿ ಕೂನಿಂಗ್, ಬಕ್‌ಮಿನ್‌ಸ್ಟರ್ ಫುಲ್ಲರ್ ಎಂಬ ವಿನ್ಯಾಸಕಾರ, ಎಲ್ಲ ಒಂದೇ ಅಂಗಳದಲ್ಲಿ. ಫುಲ್ಲರ್ ಕಿಟಕಿ ಪರದೆಯ ಲೋಹದ ಪಟ್ಟಿಗಳಿಂದ ಗುಮ್ಮಟ ಎತ್ತಿಸಲು ನೋಡಿದರು, ಅದು ಏಳಲೇ ಇಲ್ಲ, ನೆಲ ಕಚ್ಚಿ ಮಲಗಿತು. ಮರುವರ್ಷ ಮತ್ತೆ ಬಂದರು, ಆಗ ಗುಮ್ಮಟ ಎದ್ದಿತು. ಆ 1949ರ ಬೇಸಿಗೆಯಲ್ಲೇ ನಮ್ಮ ದೇಶದ ನೃತ್ಯಗಾರ ನಟರಾಜ್ ವಶಿ ಮತ್ತು ಪ್ರವೀಣಾ ದಂಪತಿಯೂ ಅಲ್ಲಿ ಪಾಠ ಹೇಳಿದ್ದಾರೆ.

ಹೆಗ್ಗೋಡಿನ ನೀನಾಸಂ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ, ತಿರುಗಾಟ ಹೊರಟದ್ದು 1985ರಲ್ಲಿ. ನಮ್ಮೂರಿನ ಮೈದಾನದಲ್ಲಿ ತಿರುಗಾಟದ ನಾಟಕ ನೋಡಿಯೇ ನನಗೆ ಹೆಗ್ಗೋಡು ಅಂತ ಒಂದು ಊರಿದೆ ಅಂತ ಗೊತ್ತಾಗಿದ್ದು. ಕರಪತ್ರ ನೋಡಿ ಅಲ್ಲ.

ಗುಡ್ಡೆಮನೆ ಅಕ್ಕ

ತಿರುಗಾಟ ಜಾಹೀರಾತಲ್ಲ ಕಣಪ್ಪ. ಸುಬ್ಬಣ್ಣ ಇದ್ದಿದ್ದರೆ ಬೈತಿದ್ದರು.

ರಂಗಶಾಲೆ

ಬೈಸಿಕೊಳ್ತಿದ್ದೆ. ಜಾಹೀರಾತು ಅಂತ ಮಾಡಿದ್ದಲ್ಲ, ಆದರೆ ಆ ಕೆಲಸವನ್ನೂ ಮಾಡಿತು ಅಂತಷ್ಟೇ ನನ್ನ ಮಾತು.

ಹಳೇ ಪ್ರಾಸ್ಪೆಕ್ಟಸ್

ಈ ಜಾಗದಲ್ಲೇ ಇನ್ನೊಂದು ಕತೆ ಹೇಳಬೇಕು, ಯಾಕಂದ್ರೆ ಇದು ಜಾಹೀರಾತು ಅಂತಲೇ ಶುರುವಾಗಿ ಬೇರೇನೋ ಆದದ್ದು.

1949ರಲ್ಲಿ ಆಲ್ಬರ್ಸ್ ದಂಪತಿ ಬಿಟ್ಟುಹೋದರು. ಮಾಜಿ ಸೈನಿಕರ ಅಲೆಯೂ ಇಳಿಯಿತು. ಐವತ್ತರ ದಶಕಕ್ಕೆ ಕಾಲೇಜಿನ ಚುಕ್ಕಾಣಿ ಕವಿ ಚಾರ್ಲ್ಸ್ ಓಲ್ಸನ್ ಕೈಗೆ ಬಂತು. ಆರಡಿ ಏಳೆಂಟು ಅಂಗುಲದ ಆಳು, ಮಾತಿಗೆ ನಿಂತರೆ ರಾತ್ರಿ ಕಳೆದು ಬೆಳಗಾಗಬೇಕು. ವಿದ್ಯಾರ್ಥಿಗಳು ಕರಗುತ್ತಿದ್ದರು. ಆಗ ಓಲ್ಸನ್ ಹೂಡಿದ ಉಪಾಯ: ಕಾಲೇಜಿನ ಪರಿಚಯ ಪತ್ರಕ್ಕೆ ಹಾಕೋ ದುಡ್ಡಿನಲ್ಲಿ ಒಂದು ಸಾಹಿತ್ಯ ಪತ್ರಿಕೆಯನ್ನೇ ಯಾಕೆ ತರಬಾರದು? ಇಲ್ಲಿ ಎಂಥ ಯೋಚನೆ ನಡೀತಿದೆ ಅಂತ ಓದಿದವನೇ ಹುಡುಕಿಕೊಂಡು ಬರಲಿ.

ಸಂಪಾದಕ ಯಾರು? ರಾಬರ್ಟ್ ಕ್ರೀಲಿ, ಇನ್ನೊಬ್ಬ ಕವಿ, ಆಗ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿದ್ದವರು. ಕಾಲೇಜನ್ನು ಕಣ್ಣಿಂದ ನೋಡೋ ಮೊದಲೇ ಅದರ ಪತ್ರಿಕೆಗೆ ಸಂಪಾದಕ! ದ್ವೀಪದಲ್ಲಿ ಮುದ್ರಣ ಅಗ್ಗ ಅಂತ ಅಲ್ಲೇ ಅಚ್ಚು. ಒಂದು ಸಂಚಿಕೆಗೆ ಸುಮಾರು 500 ಡಾಲರ್, 500ರಿಂದ 750 ಪ್ರತಿ. 1954ರಿಂದ 1957ರವರೆಗೆ ಬಂದದ್ದು ಏಳು ಸಂಚಿಕೆ. ‘ಬ್ಲ್ಯಾಕ್ ಮೌಂಟನ್ ರಿವ್ಯೂ’ ಅಂತ ಹೆಸರು. ಅಮೆರಿಕದ ಕಾವ್ಯದಲ್ಲಿ ‘ಬ್ಲ್ಯಾಕ್ ಮೌಂಟನ್ ಕವಿಗಳು’ ಅನ್ನೋ ಪಂಗಡವೇ ಹುಟ್ಟಿಕೊಂಡಿತು. ಅವರಲ್ಲಿ ಕೆಲವರು ಆ ಬೆಟ್ಟವನ್ನು ಹತ್ತಿದವರೇ ಅಲ್ಲ.

ವಿದ್ಯಾರ್ಥಿಗಳು? ಬರಲಿಲ್ಲ. ಕೊನೆಗೆ ಉಳಿದವರು ಬೆರಳೆಣಿಕೆ. ಜಮೀನು ತುಂಡು ತುಂಡಾಗಿ ಮಾರಿದರು. ಕೊನೆಯ ಸಂಚಿಕೆ ಅಚ್ಚಾಗಿ ಬರೋ ಹೊತ್ತಿಗೆ ಕಾಲೇಜೇ ಮುಚ್ಚಿತ್ತು.

ಹುಬ್ಬಳ್ಳಿ ಮಂದಿ

ಈಗ ಬಂದ್ರಿ ದಾರಿಗೆ. ಪತ್ರಿಕೆ ಓದಾಂವ ಬ್ಯಾರೆ, ಫೀ ಕಟ್ಟಾಂವ ಬ್ಯಾರೆ. ಐದುನೂರು ಪ್ರತಿ ಹಂಚಿದ್ದು ಕವಿಗಳಿಗೆ. ಕವಿಗಳ ಹತ್ರ ರೊಕ್ಕ ಎಲ್ಲಿರ್ತದ? ಜಾಹೀರಾತು ಅಂದ್ರ ಯಾರಿಗೆ ಹೇಳಬೇಕು ಅನ್ನೂದು ಮೊದಲ ಗೊತ್ತಿರಬೇಕ್ರಿ. ಅದನ್ನ ಆಲ್ಬರ್ಸ್ ಕಾಲದಾಗ ಬ್ಯಾರೇದವರು ಮಾಡಿಕೊಟ್ಟಿದ್ರು, ಓಲ್ಸನ್ ಕಾಲದಾಗ ಮಾಡವರು ಯಾರೂ ಇರಲಿಲ್ಲ. ಹಿಂಗಾಗಿ ನಿಮ್ಮ ‘ಬೇರೆಯವರ ಬಾಯಿ’ ಅನ್ನೂ ವಾದ ಒಪ್ಪತೀನಿ, ‘ಜರಡಿ’ ಒಪ್ಪೂದುಲ್ಲ. ಜರಡಿಗೆ ಹಾಕಾಕ ಕಾಳು ಇರಬೇಕಲ್ಲ.

ಶಾರ್ಲಟ್‌ನಿಂದ

ಮುಚ್ಚಿದ್ದಕ್ಕೆ ಪ್ರಚಾರದ ಕೊರತೆ ಒಂದೇ ಕಾರಣ ಅಲ್ಲ. ಮಾನ್ಯತೆ ಇಲ್ಲ, ದತ್ತಿ ನಿಧಿ ಇಲ್ಲ, ಒಳಜಗಳ ವಿಪರೀತ, ಪ್ರತಿ ಕೆಲವು ವರ್ಷಕ್ಕೊಮ್ಮೆ ಒಂದು ಗುಂಪು ಸಿಡಿದು ಹೋಗೋದು. ಸ್ಥಾಪಕ ರೈಸ್ ಅವರೇ 1940ಕ್ಕೆ ಹೊರಗೆ. ಐವತ್ತರ ದಶಕದಲ್ಲಿ ಕಮ್ಯುನಿಸ್ಟ್ ಗುಮಾನಿಯ ಗಾಳಿ ಬೇರೆ, ಎಫ್‌ಬಿಐನವರೂ ಬಂದು ವಿಚಾರಿಸಿ ಹೋಗಿದ್ದರು.

ಪುತ್ತೂರು ಪಾರ್ಟಿ

ನೋಡಿ, ಇಷ್ಟೆಲ್ಲ ಓದಿದ ಮೇಲೂ ನಾನು ಮಗನನ್ನು ಅಲ್ಲಿಗೆ ಕಳಿಸ್ತಿರಲಿಲ್ಲ. ಆದರೆ ಆ ಉಂಗುರದ ಚೀಟಿ ನನ್ನ ಕೈಗೆ ಸಿಕ್ಕಿದ್ದರೆ ‘ಇವರು ಸುಳ್ಳು ಹೇಳುವ ಜನ ಅಲ್ಲ’ ಅಂತ ಅನ್ನಿಸ್ತಿತ್ತು. ಇಲ್ಲಿ ಕೌನ್ಸೆಲಿಂಗ್ ಹೊತ್ತಿಗೆ ದಿನಕ್ಕೆ ಹತ್ತು ಫೋನ್ ಬರ್ತದೆ, ‘ಸರ್ ಸೀಟ್ ಬ್ಲಾಕ್ ಮಾಡ್ಲಾ’ ಅಂತ. ನಂಬರ್ ಎಲ್ಲಿಂದ ಸಿಕ್ಕಿತು ಕೇಳಿದ್ರೆ ಫೋನ್ ಕಟ್.

ಅಕ್ಕ, ನಿಮ್ಮ ಕಾಲೇಜಿಗೆ ಈ ವರ್ಷ ಏನು ಬರೀತೀರಿ?

ಗುಡ್ಡೆಮನೆ ಅಕ್ಕ

ಬರೆದೆ. ಇದನ್ನೆಲ್ಲ ಓದಿ ಹುಚ್ಚು ಧೈರ್ಯ ಬಂದು ನಿನ್ನೆ ರಾತ್ರಿ ಒಂದು ಪುಟ ಮಾಡಿ ಪ್ರಿನ್ಸಿಪಾಲರಿಗೆ ಕಳಿಸಿದೆ. ಇಲ್ಲಿ ಹಾಕ್ತೀನಿ, ಕಾಲೇಜಿನ ಹೆಸರು ಮಾತ್ರ ಕೇಳಬೇಡಿ.

‘ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಜೋರು ಮಳೆ. ಬಟ್ಟೆ ಒಣಗುವುದಿಲ್ಲ, ಹಾಸ್ಟೆಲಿನ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿದ್ದೇವೆ, ಸರದಿಯ ಮೇಲೆ ಹಾಕಿಕೊಳ್ಳಬಹುದು. ಘಟ್ಟದ ರಸ್ತೆ ಮುಚ್ಚಿದರೆ ಮನೆಗೆ ಹೋಗಲು ಎರಡು ದಿನ ತಡವಾಗಬಹುದು. ಫೋನ್ ಸಿಗ್ನಲ್ ಗ್ರಂಥಾಲಯದ ಮೆಟ್ಟಿಲಿನ ಹತ್ತಿರ ಚೆನ್ನಾಗಿದೆ. ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಕಾಲೇಜಿನ ಹಿಂದಿನ ಕಾಡಿನಲ್ಲಿ ಮಳೆಯಲ್ಲೇ ಪಾಠ ಕೇಳಬೇಕು, ಸುಣ್ಣ ಮತ್ತು ಹೊಗೆಸೊಪ್ಪು ನಾವೇ ಕೊಡುತ್ತೇವೆ, ಉಂಬಳಕ್ಕೆ. ಸೇರುವ ಮೊದಲು ಜುಲೈನಲ್ಲಿ ಒಂದು ದಿನ ಬಂದು ಇದ್ದು ನೋಡಿ. ಊಟ ಕೊಡುತ್ತೇವೆ.’

ರಂಗಶಾಲೆ

ಅಕ್ಕ, ನನಗೆ ವಯಸ್ಸು ಮೀರಿದೆ, ಇಲ್ಲದಿದ್ದರೆ ಅರ್ಜಿ ಹಾಕ್ತಿದ್ದೆ.

ಲೆಕ್ಕದ ಮೇಷ್ಟ್ರು

ಹೊಗೆಸೊಪ್ಪಿನ ಮಾತು ತೆಗೆಯಿರಿ. ಶಿಕ್ಷಣ ಸಂಸ್ಥೆಯ ಆವರಣದಲ್ಲಿ ತಂಬಾಕು ಅಂತ ಯಾರಾದರೂ ದೂರು ಕೊಟ್ಟಾರು. ‘ಸುಣ್ಣ, ಉಪ್ಪು’ ಅಂತ ಬರೆಯಿರಿ. ಉಳಿದದ್ದು ಹಾಗೇ ಇರಲಿ.

ಗುಡ್ಡೆಮನೆ ಅಕ್ಕ

ಹೌದಲ್ಲ! ತೆಗೆದೆ ಮೇಷ್ಟ್ರೇ. ಪ್ರಿನ್ಸಿಪಾಲರು ‘ಊಟ ಕೊಡುತ್ತೇವೆ’ ಒಂದನ್ನು ಒಪ್ಪಿದ್ದಾರೆ, ಬಟ್ಟೆ ಒಣಗೋ ಸಾಲಿನ ಬಗ್ಗೆ ಮ್ಯಾನೇಜ್‌ಮೆಂಟ್ ಕೇಳಬೇಕಂತೆ. ಡ್ರೋನ್ ವಿಡಿಯೋ ಮಾತ್ರ ಹಾಗೇ ಇರುತ್ತೆ, ದುಡ್ಡು ಕೊಟ್ಟಾಗಿದೆ.

ಹುಬ್ಬಳ್ಳಿ ಮಂದಿ

ಎಲ್ಲಾ ಖರೇ ಬರದೀರಿ ಅಕ್ಕಾರ, ಫೀ ಎಷ್ಟು ಅಂತ ಬರದಿಲ್ಲಲ್ರೀ?

ಗುಡ್ಡೆಮನೆ ಅಕ್ಕ

ಅದು ಮೂರನೇ ಪುಟದಲ್ಲಿದೆ, ಸಣ್ಣ ಅಕ್ಷರದಲ್ಲಿ. ಅದಕ್ಕೆ ಕೈ ಹಾಕೋಕೆ ನನಗೆ ಬಿಡಲ್ಲ.